ಕಂಡಕ್ಟರ್ ಕಟ್ಟಿಸಿದ ಕೋಳಿಗೂಡು

ಹಂದನಕೆರೆಯಲ್ಲಿ ನಮ್ಮ ಪಕ್ಕದ ತೆಂಗಿನ ತೋಟ ನಿವೃತ್ತ ಬಸ್ ಕಂಡಕ್ಟರೊಬ್ಬರದು. ಯಾವ ಕೆಲಸ ಶುರುವಾದರೂ ಕೈಗೆ ಸಿಕ್ಕಿದ್ದನ್ನು ಎರಡು ಸಲ ತಟ್ಟಿ ‘ರೈಟ್’ ಅನ್ನುವ ಅಭ್ಯಾಸ ಅವರಿಗೆ ಉಳಿದುಕೊಂಡಿತ್ತು. ಪಂಪ್‌ಸೆಟ್ಟಿಗೂ ರೈಟ್, ಕಾಯಿ ಕೀಳಲು ಬಂದವನ ಬೆನ್ನಿಗೂ ರೈಟ್.

ಅಂಥವರು ಕೋಳಿ ಸಾಕುವ ವಿಷಯದಲ್ಲಿ ಮಾತ್ರ ಸ್ಟಾಪಿನಲ್ಲೇ ನಿಂತುಬಿಟ್ಟಿದ್ದರು. ಆಸೆಪಟ್ಟು ಗೂಡು ಕಟ್ಟಿಸಿದ ಮೇಲೆ ಅನುಮಾನ ಶುರುವಾಯಿತು. ಮುಂಗುಸಿ ಬಂದರೆ? ರೋಗ ಬಂದರೆ? ಮದುವೆ ಮನೆಗೆ ಹೋದಾಗ ಕಾಳು ಹಾಕುವವರು ಯಾರು? ಖಾಲಿ ಗೂಡನ್ನೇ ದಿನಾ ಗುಡಿಸುತ್ತಿದ್ದರು. ಕೇಳಿದರೆ, ಕಾಯಿ ಒಣಗುತ್ತಿದ್ದ ಅಟ್ಟದ ಕಡೆ ಕೈ ತೋರಿಸಿ, “ಕೊಬ್ರಿಗೇ ವರ್ಷ ಕಾಯ್ತೀವಿ, ಕೋಳಿಗೇನ್ರೀ ಅವ್ಸರ” ಎನ್ನುತ್ತಿದ್ದರು.

ಒಂದು ಬೇಸಿಗೆಯಲ್ಲಿ ನಮ್ಮ ಹೇಟೆ ಕೋಳಿ ಕಾಣೆಯಾಯಿತು. ಮುಂಗುಸಿಗೆ ಶಾಪ ಹಾಕಿ ಅಮ್ಮ ಸುಮ್ಮನಾದಳು. ಎಷ್ಟೋ ದಿನದ ಮೇಲೆ ಅದು ಕಂಡಕ್ಟರ್ ತೋಟದ ತೆಂಗಿನ ಮಟ್ಟೆಯ ರಾಶಿಯೊಳಗಿಂದ ಮರಿಗಳ ಸಮೇತ ಹೊರಬಂತು. ನಾನೂ ಅಮ್ಮನೂ ಬುಟ್ಟಿ ಹಿಡಿದು ಹೋದೆವು. ಅವರು ಮರಿಗಳ ಮುಂದೆ ಕುಕ್ಕರಗಾಲಲ್ಲಿ ಕೂತು ನುಚ್ಚು ಚೆಲ್ಲುತ್ತಿದ್ದರು. ಅಮ್ಮ ಬುಟ್ಟಿ ಕೆಳಗಿಟ್ಟಳು.

“ನಿಮ್ ಜಾಗ್ದಲ್ಲಿ ಕಾವು ಕೂತೈತೆ. ಅರ್ಧ ಮರಿ ನಿಮ್ಗೇ ಸೇರ್ಬೇಕು ಕಣಣ್ಣ. ಬೆಳೆಯೋಗಂಟ ತಾಯಿನೂ ಇಲ್ಲೇ ಇರ್ಲಿ ಬುಡಿ.”

ಕಂಡಕ್ಟರ್ ತಲೆ ಕೆರೆದುಕೊಂಡರು. “ನಾನಿನ್ನೂ ತೀರ್ಮಾನನೇ ಮಾಡಿಲ್ಲ ಕಣಮ್ಮ.”

ಅಷ್ಟರಲ್ಲಿ ಅವರು ಗುಡಿಸಿಟ್ಟಿದ್ದ ಗೂಡಿನೊಳಗೆ ಹೇಟೆ ನಡೆದಿತ್ತು. ಮರಿಗಳೂ ಹಿಂದೆಯೇ ನುಗ್ಗಿದವು. ಒಂದು ಮಾತ್ರ ಹೊರಗೆ ಉಳಿಯಿತು. ಅದು ಹತ್ತುವವರೆಗೂ ಅವರು ಬಾಗಿಲು ಹಿಡಿದು ನಿಂತರು. ಆಮೇಲೆ ಬಾಗಿಲು ಮುಚ್ಚಿ, ಗೂಡನ್ನು ಎರಡು ಸಲ ತಟ್ಟಿ, “ರೈಟ್” ಎಂದರು.