ಗ್ರಾಸಿಯಾಸ್ ಎನ್ನದೆ ಕೂತವಳು

ನೆಲ್ಬಾಳಂಥ ಹಟಮಾರಿಯನ್ನು ನಾನು ಇಡೀ ಮೊಂಟೆವಿಡಿಯೋದಲ್ಲೇ ಕಂಡಿಲ್ಲ. ಇಪ್ಪತ್ತಾರು ವರ್ಷ ಒಂದೇ ಪ್ರಯೋಗಾಲಯದಲ್ಲಿ ದುಡಿದೆವು. ನಾನು ಇಲಿ ಸಾಕುವವಳು. ಅವಳು ಸತ್ತ ಇಲಿಗಳ ಮಿದುಳನ್ನು ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ಯುವವಳು.

ಮಿದುಳಿಗೆ ರಕ್ತ ನಿಂತರೆ ಕೇಡು ಎಂಬುದು ಎಲ್ಲರಿಗೂ ಗೊತ್ತು. ನಿಂತ ರಕ್ತ ಮರಳಿ ಹರಿದಾಗಲೂ ಕೇಡೇ ಎಂದು ನನಗೆ ತಿಳಿಸಿದವಳು ಅವಳು. ಹಸಿದ ಜೀವಕೋಶಗಳಿಗೆ ಆಮ್ಲಜನಕ ಒಮ್ಮೆಲೇ ನುಗ್ಗಿ, ಒಳಗಿನ ಡಿಎನ್‌ಎಗೆ ತುಕ್ಕು ಹಿಡಿಸುತ್ತದಂತೆ. ತುಕ್ಕು ಹಿಡಿದಲ್ಲಿ ಅವಳು ಹಾಕುವ ಬಣ್ಣ ಕಂದಾಗುತ್ತಿತ್ತು. ಇಲಿಗಳ ಮಿದುಳಿಗೆ ರಕ್ತ ನಿಲ್ಲಿಸಿ, ಮತ್ತೆ ಹರಿಸಿ, ಆ ತುಕ್ಕನ್ನು ತಡೆಯುವ ಔಷಧಿಯೊಂದನ್ನು ಡಾಕ್ಟರ್ ಇರಿಗೋಯೆನ್ ಪರೀಕ್ಷಿಸುತ್ತಿದ್ದರು. ಔಷಧಿ ಕೊಟ್ಟ ಇಲಿಗಳಲ್ಲಿ ಕಂದು ಅರ್ಧಕ್ಕರ್ಧ ಕಡಿಮೆ! ಡಾಕ್ಟರ ಕಾಲು ನೆಲದ ಮೇಲಿರಲಿಲ್ಲ.

ನೆಲ್ಬಾಳಿಗೆ ಅದು ಬರೀ ನೌಕರಿಯಲ್ಲ. ಅವಳ ತಮ್ಮ ಎಲ್ಬಿಯೋಗೆ ಮಿದುಳಿನ ರಕ್ತ ನಿಂತು ಲಕ್ವ ಹೊಡೆದು ಒಂದೇ ಮಾತು ಉಳಿದಿತ್ತು: ಗ್ರಾಸಿಯಾಸ್. ಇನ್ನೊಮ್ಮೆ ಹೊಡೆದರೆ ಅದೂ ಹೋದೀತೆಂಬ ಭಯ ಅವಳಿಗೆ. ಗ್ರಾಸಿಯಾಸ್ ಎಂದರೆ ಥ್ಯಾಂಕ್ಸ್. ಆದರೆ ನಮ್ಮಲ್ಲಿ ಮಾಟೆ ಕುಡಿಯುವಾಗ ಅದರ ಅರ್ಥವೇ ಬೇರೆ. ಕಹಿ ಎಲೆಯ ಬಿಸಿ ಕಷಾಯ, ಒಂದೇ ಸೋರೆಬುರುಡೆ, ಹೀರಲು ಒಂದೇ ಕೊಳವೆ, ಸುತ್ತ ಕೂತವರಿಗೆಲ್ಲ ಸರದಿ. ಗ್ರಾಸಿಯಾಸ್ ಎಂದವರಿಗೆ ಸಾಕಾಯಿತು ಎಂದರ್ಥ. ಗೊತ್ತಿಲ್ಲದವರು ಎಲ್ಬಿಯೋನನ್ನು ಬಿಟ್ಟು ಪಕ್ಕದವರಿಗೆ ಕೊಡುತ್ತಿದ್ದರು. ನೆಲ್ಬಾ ಮಾತ್ರ ಮತ್ತೆ ತುಂಬಿಸಿ ಅವನಿಗೇ ಕೊಡುತ್ತಿದ್ದಳು.

ಒಂದು ದಿನ ಅವಳು ಸೂಕ್ಷ್ಮದರ್ಶಕದಿಂದ ತಲೆ ಎತ್ತಿದಳು.

"ಮಿರ್ತಾ, ಇಲ್ಲಿ ನೋಡೇ. ಈ ಇಲಿಗೆ ನಾವು ರಕ್ತಾನೇ ನಿಲ್ಲಿಸಿಲ್ಲ. ಇದೂ ಯಾಕೆ ಕಂದಾಗಿದೆ?"

"ಬಣ್ಣ ಹಳೇದಾಗಿರ್ಬೇಕು ಬಿಡೇ."

"ಬಣ್ಣ ಅಲ್ಲ ಕಣೇ. ನಿನ್ನ ಮಾಟೆ."

ಔಷಧಿ ಕೊಟ್ಟ ಇಲಿಗಳ ಮಿದುಳನ್ನು ಅವಳು ಬೆಳಿಗ್ಗೆ ಕೊಯ್ಯುತ್ತಿದ್ದಳು, ಉಳಿದವುಗಳದ್ದನ್ನು ಮಧ್ಯಾಹ್ನ. ಮಧ್ಯಾಹ್ನವೇ ನಾನು ಅವಳನ್ನು ಕರೆದು ಹೊರಗೆ ಮಾಟೆ ಹಿಡಿದು ಕೂರುತ್ತಿದ್ದುದು. ಅವಳು ಗ್ರಾಸಿಯಾಸ್ ಎನ್ನುತ್ತಿರಲಿಲ್ಲ, ನಾನು ಸುರಿಯುವುದನ್ನು ನಿಲ್ಲಿಸುತ್ತಿರಲಿಲ್ಲ. ಕೊಯ್ದಿಟ್ಟ ಚೂರುಗಳು ಅಷ್ಟು ಹೊತ್ತೂ ಗಾಳಿಗೆ ಬಿದ್ದು ಮೇಜಿನ ಮೇಲೆಯೇ ತುಕ್ಕು ಹಿಡಿಯುತ್ತಿದ್ದವು. ನಾಚಿಕೆಯಿಂದ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ನೆಲ್ಬಾ ನೇರ ಡಾಕ್ಟರ ಕೋಣೆಗೆ ಹೋಗಿ ಎಲ್ಲ ಹೇಳಿದಳು.

"ಆ ಇಲಿಯಲ್ಲಿ ಕಂಡಷ್ಟು ಕಂದನ್ನ ಲೆಕ್ಕದಿಂದ ಕಳೆದ್ರಾಯ್ತು ನೆಲ್ಬಾ," ಎಂದರು ಅವರು. "ಲೇಖನ ಕಳಿಸೋಕೆ ಎರಡೇ ವಾರ ಇದೆ."

"ಎಷ್ಟನ್ನ ಕಳೀತೀರಿ ಡಾಕ್ಟ್ರೇ? ನಾನು ಯಾವತ್ತು ಎಷ್ಟು ಹೊತ್ತು ಹರಟೆ ಹೊಡೆದೆ ಅಂತ ನಿಮಗೇನು ಗೊತ್ತು? ಮಿದುಳುಗಳ ಇನ್ನರ್ಧ ಫ್ರೀಜರಲ್ಲಿದೆ. ಎಲ್ಲಾನೂ ಮತ್ತೆ ಕೊಯ್ತೀನಿ."

"ನಿಮ್ಮ ನಿವೃತ್ತಿಗೆ ಇರೋದೇ ನಾಲ್ಕು ತಿಂಗಳು!"

"ಮೂರರಲ್ಲಿ ಮುಗಿಸ್ತೀನಿ."

ಮುಗಿಸಿಯೇ ಬಿಟ್ಟಳು. ಯಾವುದು ಯಾವ ಇಲಿಯದೆಂದು ತಿಳಿಯದಂತೆ ನನ್ನಿಂದ ಹೆಸರಿನ ಚೀಟಿ ಮುಚ್ಚಿಸಿ, ಬೆಳಿಗ್ಗೆ ಮಧ್ಯಾಹ್ನ ಬೆರೆಸಿ ಕೊಯ್ದಳು. ಮಾಟೆ ದಿನಕ್ಕೆ ಒಂದೇ. ನಾನು ಮತ್ತೆ ಬಿಸಿನೀರಿಗೆ ಕೈಹಾಕುವ ಮೊದಲೇ "ಗ್ರಾಸಿಯಾಸ್" ಎಂದು ಎದ್ದುಬಿಡುತ್ತಿದ್ದಳು. ಕೊನೆಗೆ ಎಣಿಸಿದರೆ, ಔಷಧಿ ಕೊಟ್ಟವಕ್ಕೂ ಕೊಡದವಕ್ಕೂ ವ್ಯತ್ಯಾಸವೇ ಇರಲಿಲ್ಲ.

ಆ ಭಾನುವಾರ ಅವಳೊಡನೆ ನಾನೂ ಎಲ್ಬಿಯೋ ಮನೆಗೆ ಹೋದೆ. ಔಷಧಿ ಏನಾಯಿತೆಂದು ಅವನು ಹುಬ್ಬೆತ್ತಿ ಕೇಳಿದ.

"ಇಲ್ಲ ಕಣೋ, ಅದು ಕೆಲಸ ಮಾಡಲ್ಲ. ನಾನೇ ಕೊಯ್ದು ನೋಡಿದೆ. ನಾಳೆ ಇನ್ನೊಂದು ಶುರು ಮಾಡ್ತೀವಿ. ನಿವೃತ್ತಿಗೆ ಉಳಿದಿರೋ ಒಂದು ತಿಂಗಳು ಪೂರ್ತಿ ಅದಕ್ಕೇ."

ಎಲ್ಬಿಯೋ ತನ್ನ ಎಡಗೈಯಿಂದ ಅವಳ ಕೈ ಹಿಡಿದುಕೊಂಡ.

"ಗ್ರಾಸಿಯಾಸ್."

ಅಭ್ಯಾಸಬಲದಿಂದ ಅವಳು ಬುರುಡೆ ತುಂಬಿಸಿ ಅವನ ಮುಂದೆ ಹಿಡಿದಳು. ಅವನು ಬೇಡವೆಂದು ತಲೆಯಾಡಿಸಿದ, ಹಿಡಿದ ಕೈ ಮಾತ್ರ ಬಿಡಲಿಲ್ಲ.