ಫೆಲೆತಿ ಮಾವನ ಕೆನ್ನೆಯ ಗುಂಡಿ

ನುಕುಅಲೋಫಾ ಎಂಬ ದ್ವೀಪದ ಊರಿನ ಮಾರುಕಟ್ಟೆಯ ಹಿಂದೆ, ತಗಡಿನ ಮಾಡಿನ ಕೆಳಗೆ ಕಲೊಲೈನೆಯ ಅಂಗಡಿ ಇತ್ತು. ಹೊರಗೆ ಹೆಸರಿನ ಹಲಗೆ ಇರಲಿಲ್ಲ. ಯಂತ್ರದ ಪರದೆ ಬೆಳಗುತ್ತಿದ್ದರೂ ಬೆರಳು ಒತ್ತಿದ್ದು ಅದಕ್ಕೆ ತಿಳಿಯದೇ ಹೋದರೆ ಊರಿನವರು ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ಮೀನಿನ ಗೋದಾಮಿನವರು, ಬೇಕರಿಯವರು, ಪೆಟ್ರೋಲ್ ಬಂಕಿನವರು. ಉಪ್ಪುಗಾಳಿಗೆ ಮೊದಲು ಕೆಡುವುದು ಬೆರಳು ಮುಟ್ಟುವ ಗಾಜು. ಅವಳು ಆ ಗಾಜಿನ ತಂತಿ ಕಿತ್ತು, ಹಳೆಯ ಬಟ್ಟೆ ಒಗೆಯುವ ಯಂತ್ರದ ತಿರುಗಿಸುವ ನಾಬನ್ನೋ, ಯಾವುದೋ ಬಾಗಿಲಿನ ಕರೆಗಂಟೆಯ ಗುಂಡಿಯನ್ನೋ ಜೋಡಿಸಿ, ಪರದೆಯೊಳಗಿನ ಪ್ರೋಗ್ರಾಮಿಗೆ ಅದರ ಪರಿಚಯ ಮಾಡಿಸಿ ಕಳಿಸುತ್ತಿದ್ದಳು.

ಈ ವಿದ್ಯೆಯನ್ನು ಅವಳಿಗೆ ಶಾಲೆ ಕಲಿಸಿದ್ದಲ್ಲ. ತಾಯಿಯ ತಮ್ಮ ಫೆಲೆತಿ ದ್ವೀಪಗಳ ನಡುವೆ ಓಡುವ ಹಡಗಿನಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದ. ಹಡಗು ಕಟ್ಟೆಗೆ ಬಂದಾಗ ಅವಳು ಎಂಜಿನ್ ಕೋಣೆಗೆ ಇಳಿದು ಅವನ ಪಕ್ಕ ಕೂರುತ್ತಿದ್ದಳು. ಅವನ ಸ್ಪ್ಯಾನರು, ಅವನ ಟೋಪಿ, ತಟ್ಟೆಯಲ್ಲಿ ಬೆಂದ ಕೆಸುವಿನ ಎಲೆಯ ಗಂಟು, ಏನು ಬೇಕಾದರೂ ಕೇಳದೆ ತೆಗೆದುಕೊಳ್ಳುತ್ತಿದ್ದಳು. ಅಲ್ಲಿಯ ರೂಢಿಯಲ್ಲಿ ಅಕ್ಕನ ಮಗಳಿಗೆ ಆ ಹಕ್ಕಿದೆ.

"ಇವಳಿಗೆ ನನ್ನ ತಲೆಯೂ ಬೇಕಾದೀತು, ಹಾಗೇ ಕೊಟ್ಟುಬಿಡ್ತೀನಿ" ಎಂದು ಫೆಲೆತಿ ಹಡಗಿನವರೆದುರು ನಗುತ್ತಿದ್ದ. ಅದೇ ತಲೆಯನ್ನು ಅವನ ಸ್ವಂತ ಮಗ ಸೆಮಿಸಿ ಒಮ್ಮೆಯೂ ಮುಟ್ಟಿರಲಿಲ್ಲ. ಮಕ್ಕಳು ಅಪ್ಪನ ತಲೆ ಮುಟ್ಟುವ ಹಾಗಿಲ್ಲ.

ಫೆಲೆತಿಗೆ ನರಗಳು ಒಂದೊಂದಾಗಿ ಸಾಯುವ ಕಾಯಿಲೆ ಬಂದಿತು. ಮೊದಲು ಹೋದದ್ದು ಮಾತು. ಕಲೊಲೈನೆ ಒಂದು ಸಣ್ಣ ಪೆಟ್ಟಿಗೆ ಕಟ್ಟಿದಳು. ಪರದೆಯ ಮೇಲೆ ಗೆರೆ ಹಾಕಿದ ಮನೆಗಳು, ಒಂದೊಂದು ಮನೆಯಲ್ಲಿ ಒಂದೊಂದು ಮಾತು: ನೀರು, ನೋವು, ತಿರುಗಿಸಿ, ಮೂತ್ರ, ಸಾಕು, ಆಮೆನ್. ಆರಿಸಿದ ಮಾತನ್ನು ಪೆಟ್ಟಿಗೆ ಆಡುತ್ತಿತ್ತು. ಆ ಮಾತುಗಳನ್ನು ಸೆಮಿಸಿಯ ದನಿಯಲ್ಲೇ ರೆಕಾರ್ಡು ಮಾಡಿದಳು, ಅದು ಅಪ್ಪನದರಂತೆಯೇ ಇತ್ತು. ಅಪ್ಪನ ಎದುರು ತಲೆ ಎತ್ತಿ ಮಾತಾಡದ ಹುಡುಗ ಅಂಗಡಿಯಲ್ಲಿ ಕೂತು, "ತಿರುಗಿಸಿ" ಎಂದು ಅಪ್ಪಣೆ ಕೊಡುವವನಂತೆ ಹೇಳಲು ಬಹಳ ಒದ್ದಾಡಿದ.

ಮೊದಲು ಫೆಲೆತಿ ಗಾಜನ್ನೇ ಮುಟ್ಟುತ್ತಿದ್ದ. ಬೆರಳು ಸೋತ ಮೇಲೆ ಅವಳು ನಾಬ್ ಜೋಡಿಸಿದಳು. ಅಂಗೈಯಿಂದ ಉರುಳಿಸಿದರೆ ಹಳದಿ ಚೌಕ ಒಂದು ಮಾತಿನಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಕೈಯೂ ಹೋದಾಗ ಚೌಕ ತಾನೇ ನಡೆಯುವಂತೆ ಮಾಡಿ, ಒಂದೇ ಒಂದು ಗುಂಡಿಯನ್ನು ಕಾಲಿನ ಹೆಬ್ಬೆರಳ ಕೆಳಗಿಟ್ಟಳು. ಕಾಲೂ ಹೋಯಿತು. ಇನ್ನು ಉಳಿದದ್ದು ಬಲಗೆನ್ನೆ. ಬಟಾಣಿಯಷ್ಟು ದೊಡ್ಡ ಗುಂಡಿಯನ್ನು ಅವಳು ಕೆನ್ನೆಗೆ ಪಟ್ಟಿ ಹಾಕಿ ಅಂಟಿಸಿದಳು. ಚೌಕ ಬೇಕಾದ ಮಾತಿನ ಮೇಲೆ ಬಂದಾಗ ಕೆನ್ನೆ ಬಿಗಿದರೆ ಸಾಕು. ಸೆಮಿಸಿ ಆಗ ಮುಖ ತಿರುಗಿಸಿ ನಿಂತಿದ್ದ.

ಆ ಕೆನ್ನೆ ಅದುರುತ್ತಿತ್ತು. ಒಂದು ಸಂಜೆ ಪಾದ್ರಿಗಳು ಬಂದು ಹಾಸಿಗೆಯ ಪಕ್ಕ ಮೊಣಕಾಲೂರಿ, ದೇವರ ಕೃಪೆಯ ಬಗ್ಗೆ ಉದ್ದಕ್ಕೆ ಪ್ರಾರ್ಥಿಸತೊಡಗಿದರು. ನಡುವೆ ಪೆಟ್ಟಿಗೆ ಗಟ್ಟಿಯಾಗಿ "ಮೂತ್ರ" ಎಂದಿತು. ಸ್ವಲ್ಪ ಹೊತ್ತಿಗೆ "ಸಾಕು" ಎಂದಿತು. ಮತ್ತೆ "ಮೂತ್ರ". ಮಕ್ಕಳು ಚಾಪೆಗೆ ಮುಖ ಒತ್ತಿಕೊಂಡು ನಕ್ಕರು. ಪಾದ್ರಿಗಳೂ ಕೊನೆಗೆ ತಡೆಯಲಾರದೆ, "ಫೆಲೆತಿ, ದೇವರಿಗೆ ಇಷ್ಟು ನೇರವಾಗಿ ಹೇಳೋರು ಈ ಊರಲ್ಲಿ ನೀನೊಬ್ಬನೇ ಕಣಯ್ಯ" ಎಂದರು. ಫೆಲೆತಿಯ ಕಣ್ಣಲ್ಲಿ ನಗೆಯ ನೀರು ಬಂದಿತ್ತು.

ಹೆಂಡತಿ ಲೆಸಿಯೆಲಿ ಮಾತ್ರ ನಗಲಿಲ್ಲ. ಮರುದಿನ ಅಂಗಡಿಗೇ ಬಂದಳು.

"ಕಲೊ, ಅದರ ಬಾಯಿ ಸ್ವಲ್ಪ ಕಟ್ಟು ಮಗಳೇ. ಪಾದ್ರಿಗಳ ಮುಂದೆ ನನ್ನ ಗಂಡನ ಮರ್ಯಾದೆ ಏನಾಗ್ಬೇಕು?"

"ಅತ್ತೆ, ಅದು ಅದುರೋದು. ಮಾವ ಹೇಳಿದ್ದಲ್ಲ."

"ಗೊತ್ತು. ಅದಕ್ಕೇ ಹೇಳ್ತಿರೋದು. ಅವರು ಹೇಳಿದ್ದು ಮಾತ್ರ ಹೇಳ್ಲಿ."

ನ್ಯಾಯವಾದ ಮಾತು ಅನಿಸಿತು. ಕಲೊಲೈನೆ ಪ್ರೋಗ್ರಾಮಿನಲ್ಲಿ ಒಂದು ತಾಳ್ಮೆ ಸೇರಿಸಿದಳು. ಗುಂಡಿಯನ್ನು ಕೊಂಚ ಹೊತ್ತು ಒತ್ತಿ ಹಿಡಿದರೆ ಮಾತ್ರ ಒತ್ತಿದಂತೆ ಲೆಕ್ಕ. ಗಕ್ಕನೆ ಬಂದು ಹೋದದ್ದನ್ನು ಅದುರುವಿಕೆಯೆಂದು ಬಿಟ್ಟುಬಿಡುವುದು. ಪೆಟ್ಟಿಗೆ ಗಂಭೀರವಾಯಿತು. ಫೆಲೆತಿ ಬೇಕಾದ್ದನ್ನು ಕೇಳುತ್ತಿದ್ದ, ಪ್ರಾರ್ಥನೆಯ ಕೊನೆಗೆ ಎಲ್ಲರಿಗಿಂತ ಒಂದು ಉಸಿರು ತಡವಾಗಿ "ಆಮೆನ್" ಎನ್ನುತ್ತಿದ್ದ. ಲೆಸಿಯೆಲಿ ಸಮಾಧಾನಗೊಂಡಳು.

ಚಂಡಮಾರುತ ಬಂದು ಹೋದ ಮೇಲೆ ವವಾಉ ದ್ವೀಪದ ಮೀನಿನ ಗೋದಾಮಿನ ಯಂತ್ರಗಳು ಕೆಟ್ಟು ಕೂತವು. ಕಲೊಲೈನೆ ಹಡಗು ಹತ್ತಿದಳು, ಬಹಳ ದಿನ ಅಲ್ಲೇ ಉಳಿದಳು. ಒಂದು ದಿನ ಫೋನಿನಲ್ಲಿ ಲೆಸಿಯೆಲಿ, "ಮಾವ ಮಾತು ಬಿಟ್ರು" ಎಂದಳು. "ಡಾಕ್ಟ್ರು ಬಂದು ನೋಡಿದ್ರು. ಇನ್ನು ಒಳಗೂ ಏನೂ ತಿಳಿಯಲ್ಲ ಅಂದ್ರು. ನೀನು ಕೆಲಸ ಮುಗಿಸ್ಕೊಂಡೇ ಬಾ." ಗುಂಡಿ ಜಾರಿದೆಯೋ ನೋಡಿ ಎಂದು ಕಲೊಲೈನೆ ಕೇಳಿದಳು. "ಜಾರಿಲ್ಲಮ್ಮ, ನಾನೇ ದಿನಾ ಪಟ್ಟಿ ಬದಲಾಯಿಸ್ತೀನಿ" ಎಂದಳು ಲೆಸಿಯೆಲಿ. ತಾಳ್ಮೆಯ ವಿಷಯ ಕಲೊಲೈನೆಗೆ ಆಗ ನೆನಪಿಗೂ ಬರಲಿಲ್ಲ.

ತಿರುಗಿ ಬಂದು ಮನೆಯೊಳಗೆ ಕಾಲಿಟ್ಟಾಗ ಅವಳಿಗೆ ಮೊದಲು ಗೊತ್ತಾದದ್ದು ಮಾತಿನ ರೀತಿ. ಫೆಲೆತಿಯ ಹಾಸಿಗೆಯ ಮೇಲಿಂದ, ಅವನು ಅಲ್ಲಿ ಇಲ್ಲವೆಂಬಂತೆ ಮಾತುಗಳು ಹಾದುಹೋಗುತ್ತಿದ್ದವು. ಸಮಾಧಿಗೆ ಬಿಳಿ ಮರಳು ಯಾವ ದಂಡೆಯಿಂದ ತರಿಸುವುದು, ಸಾವಿನ ಊಟಕ್ಕೆ ಹಂದಿ ಯಾರು ಕೊಡುತ್ತಾರೆ, ಅವನ ದೋಣಿ ಯಾರಿಗೆ. ಲೆಸಿಯೆಲಿ ಸೊರಗಿ ಹೋಗಿದ್ದಳು. ತಲೆದಿಂಬಿನ ಪಕ್ಕ ಅವಳ ಚಾಪೆ. ಕಾಲಿನ ಕಡೆ, ಎಲ್ಲರಿಗಿಂತ ತಗ್ಗಿನಲ್ಲಿ, ಬಾಗಿಲಿಗೆ ಆತು ಸೆಮಿಸಿ ಕೂತಿದ್ದ.

ಸಂಜೆಯ ಪ್ರಾರ್ಥನೆಯಾಯಿತು. ಅದರ ಕೊನೆಗೆ ಲೆಸಿಯೆಲಿ ಹೇಳಿದ್ದು ಇದು: "ಕರ್ತನೇ, ಇವರು ಸಾಕಷ್ಟು ಅನುಭವಿಸಿದ್ರು. ಬೇಗ ಕರ್ಕೊಂಡುಬಿಡು. ನನ್ನಿಂದಲೂ ಇನ್ನು ಆಗಲ್ಲ." ಎಲ್ಲರೂ ಆಮೆನ್ ಎಂದರು. ಪೆಟ್ಟಿಗೆ ಸುಮ್ಮನಿತ್ತು. ಪರದೆಯ ಮೇಲೆ ಹಳದಿ ಚೌಕ ಮನೆಯಿಂದ ಮನೆಗೆ ನಡೆಯುತ್ತಲೇ ಇತ್ತು.

ಪೆಟ್ಟಿಗೆಯನ್ನು ಬಿಚ್ಚಿಕೊಂಡು ಹೋಗೋಣವೆಂದು ಕಲೊಲೈನೆ ಎದ್ದಳು.

ಸೆಮಿಸಿ ನೆಲ ನೋಡುತ್ತಲೇ ಹೇಳಿದ: "ಅಕ್ಕಾ, ಯಂತ್ರ ಚೆನ್ನಾಗೇ ಇದೆ ಅಲ್ವಾ? ಅದರ ದೀಪ ಇನ್ನೂ ಮಿಣುಕ್ತಿದೆ."

"ಯಾವ ದೀಪ?"

"ಕೆಳಗಿಂದು. ಇಲ್ಲಿ ಕೂತ್ರೆ ಕಾಣುತ್ತೆ. ದಿನಾ ಮಿಣುಕುತ್ತೆ. ಪ್ರಾರ್ಥನೆ ಮುಗಿದ ತಕ್ಷಣ ಜಾಸ್ತಿ. ಯಂತ್ರ ಬದುಕಿದೆ ಅಂತ ತೋರಿಸೋ ದೀಪ ಅಂದ್ಕೊಂಡಿದ್ದೆ."

ಕಲೊಲೈನೆ ಬಾಗಿಲ ಹತ್ತಿರ ಹೋಗಿ ಅವನು ಕೂತಿದ್ದಲ್ಲೇ ಕೂತಳು. ಪೆಟ್ಟಿಗೆಯ ಅಡಿಯಲ್ಲಿ ಒಂದು ಕೆಂಪು ಚುಕ್ಕೆ. ಅದನ್ನು ಹಾಕಿದವಳು ಅವಳೇ, ತಂತಿ ಸರಿಯಾಗಿದೆಯೋ ನೋಡಲು. ಅದು ಗುಂಡಿಗೆ ನೇರವಾಗಿ ಸೇರಿತ್ತು, ಪ್ರೋಗ್ರಾಮಿನ ತಾಳ್ಮೆಗೂ ಅದಕ್ಕೂ ಸಂಬಂಧವಿರಲಿಲ್ಲ. ಅವಳು ಚೌಕವನ್ನೂ ಚುಕ್ಕೆಯನ್ನೂ ಒಟ್ಟಿಗೆ ನೋಡುತ್ತಾ ಕೂತಳು. ಚೌಕ "ನೀರು" ದಾಟಿತು. "ನೋವು" ದಾಟಿತು. "ಆಮೆನ್" ಮೇಲೆ ಬಂದಾಗ ಚುಕ್ಕೆ ಗಕ್ಕನೆ ಹೊಳೆದು ಆರಿತು. ಮತ್ತೊಂದು ಸುತ್ತು. ಮತ್ತೆ ಅಲ್ಲಿಯೇ.

ಕೆನ್ನೆಗೆ ಒತ್ತಿ ಹಿಡಿಯುವ ಶಕ್ತಿ ಹೋಗಿತ್ತು, ಅಷ್ಟೇ.

"ಅದು ಯಂತ್ರ ಅಲ್ಲ ಸೆಮಿಸಿ" ಎಂದಳು.

ಅಂಗಡಿಯಿಂದ ಚಿಕ್ಕ ಕಂಪ್ಯೂಟರು ತರಿಸಿ ಪೆಟ್ಟಿಗೆಗೆ ಸಿಕ್ಕಿಸಿ, ತಾಳ್ಮೆಯನ್ನು ಕಡಿಮೆ ಮಾಡಿದಳು. ಲೆಸಿಯೆಲಿ ಕೈಗಳನ್ನು ಒಂದರೊಳಗೊಂದು ಹಿಸುಕುತ್ತಾ ನಿಂತಿದ್ದಳು.

"ಅಂದ್ರೆ... ಇಷ್ಟು ದಿನ ಎಲ್ಲಾ ಕೇಳಿಸ್ತಿತ್ತಾ?"

ಮರಳಿನ ಮಾತು, ಹಂದಿಯ ಮಾತು, ದೋಣಿಯ ಮಾತು ಕೋಣೆಯಲ್ಲೇ ಇದ್ದವು.

ಲೆಸಿಯೆಲಿ ಮೊಣಕಾಲೂರಿ ಗಂಡನ ಕಿವಿಗೆ ಬಾಗಿದಳು. ಹೊಸದಾಗಿ ಪ್ರಾರ್ಥಿಸಿದಳು, ಗಟ್ಟಿಯಾಗಿ, ಅವಸರವಾಗಿ. "ಕರ್ತನೇ, ಇವರನ್ನು ಗುಣಮಾಡು. ಇನ್ನೂ ಬಹಳ ವರ್ಷ ನಮ್ಮ ಜೊತೆ ಇರಿಸು. ಆಮೆನ್."

ಚೌಕ ಒಂದು ಸುತ್ತು ನಡೆಯಿತು. ಎರಡನೇ ಸುತ್ತು ನಡೆಯಿತು. ಪೆಟ್ಟಿಗೆ ಏನೂ ಹೇಳಲಿಲ್ಲ. ಕೆಳಗೆ ಚುಕ್ಕೆಯೂ ಕತ್ತಲೆಯಾಗಿಯೇ ಇತ್ತು. ಫೆಲೆತಿಯ ಕಣ್ಣು ಅವಳ ಮೇಲಿತ್ತು.

"ಮಾತಾಡ್ರೀ" ಎಂದಳು ಲೆಸಿಯೆಲಿ. "ಬೈಯ್ರಿ ಬೇಕಾದ್ರೆ."

ಆಮೇಲೆ ಅವಳು ಹಣೆಯನ್ನು ಹಾಸಿಗೆಯ ಅಂಚಿಗೆ ಒತ್ತಿ, ದಿನವೂ ಹೇಳುತ್ತಿದ್ದ ಮಾತನ್ನು ಅರ್ಧ ದನಿಯಲ್ಲಿ ಹೇಳಿದಳು. "ಬೇಗ ಕರ್ಕೊಂಡುಬಿಡು."

"ಆಮೆನ್" ಎಂದಿತು ಪೆಟ್ಟಿಗೆ, ಸೆಮಿಸಿಯ ದನಿಯಲ್ಲಿ.

ಬಾಗಿಲಲ್ಲಿದ್ದ ಸೆಮಿಸಿ ತನ್ನ ಬಾಯನ್ನು ಕೈಯಿಂದ ಮುಚ್ಚಿಕೊಂಡ.

ಕಲೊಲೈನೆ ಹೊರಡುವಾಗ ಲೆಸಿಯೆಲಿ ಹಿಂದೆಯೇ ಅಂಗಳಕ್ಕೆ ಬಂದಳು. "ಮೊದಲಿನ ಥರಾನೇ ಮಾಡಿಬಿಡು ಕಲೊ. ದಿನಾ ಅದನ್ನ ಕೇಳೋಕೆ ನನ್ನಿಂದಾಗಲ್ಲ."

"ನನ್ನಿಂದಲೂ ಆಗಲ್ಲ ಅತ್ತೆ" ಎಂದಳು ಕಲೊಲೈನೆ. "ಆದ್ರೆ ಇನ್ನೊಂದ್ಸಲ ಅವರ ಬಾಯಿ ನಾನು ಕಟ್ಟಲ್ಲ."

ಮುಂದಿನ ದಿನಗಳಲ್ಲಿ ಕೆನ್ನೆ ಇನ್ನಷ್ಟು ಸೋತಿತು. ಕಲೊಲೈನೆ ಬಂದು ತಾಳ್ಮೆಯನ್ನು ಇನ್ನಷ್ಟು ಇಳಿಸಿದಳು, ಮತ್ತೆ ಇಳಿಸಿದಳು, ಇಳಿಸಲು ಏನೂ ಉಳಿಯಲಿಲ್ಲ. ಆಗ ಅದುರಿದ್ದೂ ಮಾತಾಯಿತು, ಮಾತೂ ಅದುರುವಿಕೆಯಾಯಿತು. ಪೆಟ್ಟಿಗೆ ಎಡೆಬಿಡದೆ ಹೇಳತೊಡಗಿತು: ನೀರು, ಆಮೆನ್, ತಿರುಗಿಸಿ, ಸಾಕು, ಮೂತ್ರ, ಆಮೆನ್. ಯಾವುದು ಅವನದು, ಯಾವುದು ನರದ್ದು ಎಂದು ಕಲೊಲೈನೆಗೂ ಹೇಳಲಾಗಲಿಲ್ಲ. ಅವಳಿಗೆ ಗೊತ್ತಿದ್ದ ವಿದ್ಯೆ ಅಲ್ಲಿಗೆ ಮುಗಿಯಿತು.

ಲೆಸಿಯೆಲಿ ಒಂದನ್ನೂ ಬಿಡಲಿಲ್ಲ. ನೀರು ಎಂದರೆ ತುಟಿ ಒದ್ದೆ ಮಾಡಿದಳು. ತಿರುಗಿಸಿ ಎಂದರೆ ಸೆಮಿಸಿಯನ್ನು ಕರೆದು ಇಬ್ಬರೂ ತಿರುಗಿಸಿದರು. ಆಮೆನ್ ಎಂದರೆ ಅವಳೂ ಆಮೆನ್ ಎಂದಳು. ಒಂದು ಮುಂಜಾನೆ ಅವಳು ತುಟಿಗೆ ಬಟ್ಟೆ ಒತ್ತುತ್ತಿರುವಾಗಲೇ ಅವನು ಹೋದ. ಚೌಕ ಮಾತ್ರ ನಡೆಯುತ್ತಿತ್ತು.

ಅಕ್ಕನ ಮಗಳಾದ್ದರಿಂದ ಶವದ ತಲೆಯ ಬಳಿಯ ಜಾಗ ಕಲೊಲೈನೆಯದು. ಬಂದವರು ತಂದ ನೇಯ್ದ ಚಾಪೆಗಳೆಲ್ಲ ಸಂಪ್ರದಾಯದಂತೆ ಅವಳ ಮುಂದೆ ಗುಡ್ಡೆಯಾಗಿ ಬಿದ್ದವು. ಸೆಮಿಸಿ ಸೂತಕದ ರೂಢಿಯಂತೆ ಹರಕು ಚಾಪೆ ಸೊಂಟಕ್ಕೆ ಸುತ್ತಿಕೊಂಡು ಹೊರಗೆ ಮಣ್ಣೊಲೆಯ ಹೊಗೆಯಲ್ಲಿ ಗೆಣಸು ಬೇಯಿಸುತ್ತಿದ್ದ. ಹಾಡು ಶುರುವಾಗುವ ಮುಂಚೆ ಅವಳು ಬಾಗಿ, ಕೆನ್ನೆಯ ಪಟ್ಟಿಯನ್ನು ಉಗುರಿನಿಂದ ಎಬ್ಬಿಸಿ, ಗುಂಡಿಯನ್ನು ಮೆಲ್ಲಗೆ ತೆಗೆದಳು. ಅವಳ ಬೆರಳೇ ತಗುಲಿ ಪೆಟ್ಟಿಗೆ ಕೊನೆಯದಾಗಿ "ಸಾಕು" ಎಂದಿತು. ಹೊರಗೆ ಒಲೆಯ ಬಳಿ ಸೆಮಿಸಿ ತಲೆ ಎತ್ತಿ ಮನೆಯ ಕಡೆ ನೋಡಿದ.

ಕಲೊಲೈನೆ ತಂತಿ ಕಿತ್ತಳು. ಕೆನ್ನೆಯಲ್ಲಿ ಪಟ್ಟಿಯ ಚೌಕ ಗುರುತು ಬಿಳುಪಾಗಿ ಉಳಿದಿತ್ತು. ಅದನ್ನು ಎಣ್ಣೆ ಹಚ್ಚಿ ತಿಕ್ಕಿದಳು. ಹೋಗಲಿಲ್ಲ.