ನೀಲಿ ಜೋಳದ ಹಿತ್ತಿಲು

ಮೊನ್ನೆ ಭಾನುವಾರ ಪಕ್ಕದ ಮನೆಯವರು ಹಿಂಬದಿಯ ಮರದ ಡೆಕ್ಕಿನ ಮೇಲೆ ಜೋಳದ ತೆನೆ ಸುಡುತ್ತಿದ್ದರು. ಇಲ್ಲಿ ನ್ಯೂಜರ್ಸಿಯ ಮನ್ರೋದಲ್ಲಿ ಹೊಸ ಮನೆಗಳು ಎಷ್ಟು ಒತ್ತಾಗಿವೆಯೆಂದರೆ ಒಬ್ಬರ ಒಗ್ಗರಣೆಗೆ ಇನ್ನೊಬ್ಬರು ಸೀನುತ್ತಾರೆ. ಸುಟ್ಟ ಸಿಪ್ಪೆಯ ಹೊಗೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ನಾನು ಏನು ಮಾಡುತ್ತಿದ್ದೆನೋ ಅದನ್ನು ಬಿಟ್ಟು ಸುಮ್ಮನೆ ಕೂತುಬಿಟ್ಟೆ. ನಿಮಗೂ ಹೀಗಾಗಿರಬೇಕು. ಮೂಗು ಮೊದಲು ಹೊರಟುಬಿಡುತ್ತದೆ, ನಾವು ಅದರ ಹಿಂದೆ ಹೋಗುತ್ತೇವೆ. ನನ್ನ ಮೂಗು ಹೋಗಿ ನಿಂತದ್ದು ಹಿಲ್ಸ್‌ಬರೋದ ಒಂದು ಹಿತ್ತಿಲಿನಲ್ಲಿ, ಶ್ರೀಪಾದರಾಯರ ಪಕ್ಕದಲ್ಲಿ.

ಎರಡು ಸಾವಿರನೆಯ ಇಸವಿ ಬಂದರೆ ಜಗತ್ತಿನ ಕಂಪ್ಯೂಟರುಗಳಿಗೆಲ್ಲ ಬುದ್ಧಿಭ್ರಮಣೆಯಾಗುತ್ತದೆ ಎಂದು ಹೆದರಿ, ಅಮೆರಿಕದವರು ನನ್ನಂಥವನನ್ನೂ ಕರೆಸಿಕೊಂಡ ಕಾಲ ಅದು. ಐಸೆಲಿನ್ ಎಂಬ ಊರಿನಲ್ಲಿ ಒಂದು ಅಪಾರ್ಟ್‌ಮೆಂಟಿಗೆ ಗೆಸ್ಟ್‌ಹೌಸ್ ಎಂದು ಹೆಸರಿಟ್ಟು ಕಂಪನಿಯವರು ನಮ್ಮನ್ನು ಅದರಲ್ಲಿ ತುಂಬಿದ್ದರು. ನನ್ನ ಕೋಣೆಯಲ್ಲಿ ಇನ್ನೊಂದು ಹಾಸಿಗೆ ಶ್ರೀಪಾದರಾಯರದು. ಧಾರವಾಡದವರು, ನನಗಿಂತ ಬಹಳ ಹಿರಿಯರು. ಬ್ಯಾಂಕೊಂದರ ಹಳೆಯ ಪ್ರೋಗ್ರಾಮುಗಳ ನಡುವೆ ತಲೆ ನರೆಸಿಕೊಂಡವರು. ಅಡಿಗೆ ಅವರದು, ಪಾತ್ರೆ ತೊಳೆಯುವುದು ನನ್ನದು. ನಾನು ಒಮ್ಮೆ ಚಿತ್ರಾನ್ನ ಮಾಡಿದ ಮೇಲೆ ಈ ಏರ್ಪಾಡು ತಾನಾಗಿ ಜಾರಿಗೆ ಬಂತು.

ವಾರವೆಲ್ಲ ರಾಯರು ಮಾತಿಲ್ಲದೆ ದುಡಿಯುತ್ತಿದ್ದರು. ಶನಿವಾರ ಬಂತೆಂದರೆ ಯಾವ ಊರಿಗೆ ಯಾವ ಸ್ವಾಮಿಗಳು ಬಂದಿದ್ದಾರೆಂದು ವಿಚಾರಿಸುತ್ತಿದ್ದರು. ಅವರಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ನನ್ನ ಹಳೆಯ ಕಾರಿನಲ್ಲಿ, ಚಾಲಕನ ಬಾಗಿಲು ತೆರೆಯದ್ದರಿಂದ ನಾನೇ ಮೊದಲು ಅವರ ಕಡೆಯಿಂದ ತೂರಿಕೊಂಡು, ಅಂಥ ಎಷ್ಟೋ ಪುಣ್ಯಪುರುಷರ ಬಳಿಗೆ ಅವರನ್ನು ಕರೆದೊಯ್ದಿದ್ದೇನೆ. ನಾನು ಪ್ರಸಾದದ ಸಾಲಿನಲ್ಲಿ ನಿಂತರೆ ಅವರು ಪ್ರಶ್ನೆಯ ಸಾಲಿನಲ್ಲಿ. ಹಿಂದಿರುಗುವಾಗ ಮುಖ ಇಳಿದಿರುತ್ತಿತ್ತು.

ಏನು ಕೇಳುತ್ತಾರೆಂದು ಗೊತ್ತಾದದ್ದು ಒಂದು ಸಂಜೆ, ಅವರು ರೊಟ್ಟಿ ತಟ್ಟುತ್ತಿದ್ದಾಗ. ಹೆಂಡತಿ ಸುಧಾ ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ಆಕೆ ರೊಟ್ಟಿ ತಟ್ಟುತ್ತ ತಾನೇ ಪದ ಕಟ್ಟಿ ಹಾಡಿಕೊಳ್ಳುತ್ತಿದ್ದರಂತೆ.

“ಮುಖ ಅದ, ಫೋಟೋದಾಗ ಅದ. ದನಿ ಹೋಗೇದ, ತಮ್ಮಾ. ಎಷ್ಟ ತಿಣುಕಿದ್ರೂ ಬರವಲ್ತು,” ಎಂದರು.

ಒಂದು ಕ್ಯಾಸೆಟ್ಟೂ ಇರಲಿಲ್ಲ. ದಿನಾ ಕೇಳುವ ದನಿಯನ್ನು ಯಾರು ರೆಕಾರ್ಡ್ ಮಾಡಿಟ್ಟುಕೊಳ್ಳುತ್ತಾರೆ? ಆ ದನಿಯನ್ನು ಇನ್ನೊಂದು ಸಲ ಕೇಳುವ ದಾರಿ ಯಾವುದು ಎಂಬುದೇ ಅವರ ಪ್ರಶ್ನೆ. ದೇಹ ನಶ್ವರ, ಮೋಹ ಬಿಡಿ ಎಂದು ಎಲ್ಲರೂ ಹೇಳಿದ್ದರು. “ಅವರು ಹೇಳೂದು ಖರೇನ ಅದ. ಆದ್ರ ನಾ ಕೇಳಿದ್ದು ಅದಲ್ಲ,” ಎಂದು ರಾಯರು ರೊಟ್ಟಿ ತಿರುವಿ ಹಾಕಿದರು.

ಆ ದಿನಗಳಲ್ಲಿ ನನ್ನ ಆಫೀಸಿನಲ್ಲಿ ಪಕ್ಕದ ಕ್ಯೂಬಿಕಲ್‌ನಲ್ಲಿ ಮೇರಿ ಎಂಬಾಕೆ ಇದ್ದಳು. ಅವಳ ತಾಯಿ ಲೆನಾ ಹೋಪಿ ಎಂಬ ಮೂಲನಿವಾಸಿ ಜನದವರು. ಹೋಪಿಗಳೆಂದರೆ ಅರಿಜೋನಾದ ಮರಳುಗಾಡಿನಲ್ಲಿ ಎತ್ತರದ ಚಪ್ಪಟೆ ಬೆಟ್ಟಗಳ ಮೇಲೆ ಬಹು ಪುರಾತನ ಹಳ್ಳಿಗಳಲ್ಲಿ ಬದುಕುವವರು. ಮಳೆ ಅಪರೂಪವಾದ ನೆಲದಲ್ಲಿ ಜೋಳವನ್ನೇ ನೆಚ್ಚಿದವರು. ಲೆನಾ ಮದುವೆಯಾಗಿ ಜರ್ಸಿಯ ಹಿಲ್ಸ್‌ಬರೋಗೆ ಬಂದು, ಶಾಲೆಯಲ್ಲಿ ಪಾಠ ಹೇಳಿ, ನಿವೃತ್ತರಾಗಿದ್ದರು. ಅಮ್ಮ ಊರಿನಿಂದ ತಂದ ನೀಲಿ ಜೋಳವನ್ನು ಹಿತ್ತಿಲಿನಲ್ಲಿ ಬಿತ್ತಿ, ದಿನಾ ಬೆಳಗ್ಗೆ ಗಿಡಗಳಿಗೆ ಹಾಡು ಹೇಳುತ್ತಾಳೆ ಎಂದು ಮೇರಿ ಊಟದ ಹೊತ್ತಿನಲ್ಲಿ ಹೇಳಿದಳು. ರಾತ್ರಿ ಊಟಕ್ಕೆ ಉಪ್ಪಿನಕಾಯಿಯ ಹಾಗೆ ಈ ಸಂಗತಿಯನ್ನು ನಾನು ರಾಯರಿಗೆ ಬಡಿಸಿದೆ. ಅವರು ಕೈಯಲ್ಲಿದ್ದ ತುತ್ತು ತಟ್ಟೆಗೆ ಇಟ್ಟು, “ಶನಿವಾರ ಹೋಗೂಣು,” ಎಂದರು.

ಲೆನಾ ಕುಳ್ಳಗಿನ ಹೆಂಗಸು, ಬೆಳ್ಳಗಿನ ಜಡೆ, ತೀರಿಹೋದ ಗಂಡನ ದೊಗಳೆ ಶರ್ಟು. ರಾಯರು ಕಾಲಿಗೆ ಎರಗಲು ಹೋದಾಗ ಅವರು ಹಿಂದೆ ಸರಿದರು. ತಾನು ಗುರುವಲ್ಲ ಎಂದರು. ತಮ್ಮ ಹಳ್ಳಿಯ ಪೂಜೆ, ಹಾಡು ಹಳ್ಳಿಯವು. ಅವನ್ನು ಹೊರಗಿನವರಿಗೆ ಹಂಚುವ ಹಕ್ಕು ತನಗಿಲ್ಲ ಎಂದರು. ಮಾತಿನಲ್ಲಿ ಒರಟುತನವಿರಲಿಲ್ಲ, ಸಡಿಲವೂ ಇರಲಿಲ್ಲ. ನಾವು ಹೊರಡಲು ತಿರುಗಿದಾಗ, ಕಳೆ ಬಹಳ ಬೆಳೆದಿದೆ, ಕೀಳಲು ಬರುವುದಾದರೆ ಬನ್ನಿ ಎಂದರು.

ಹಾಗೆ ಆ ಬೇಸಿಗೆಯ ಶನಿವಾರಗಳೆಲ್ಲ ಕಳೆ ಕೀಳುವುದರಲ್ಲಿ ಹೋದವು. ನಾನು ಆ ಬೆಳೆಯನ್ನು ಮುಸುಕಿನ ಜೋಳ ಎನ್ನುತ್ತಿದ್ದೆ, ರಾಯರು ಗೋವಿನಜೋಳ ಎನ್ನುತ್ತಿದ್ದರು, ಲೆನಾ ಮಾತ್ರ ಮಕ್ಕಳು ಎನ್ನುತ್ತಿದ್ದರು. ಆಳವಾದ ಗುಳಿಯಲ್ಲಿ ಒಂದು ಹಿಡಿ ಕಾಳು ಹಾಕಿದ್ದರಿಂದ ಗಿಡಗಳು ಗುಂಪುಗುಂಪಾಗಿ, ಕುಟುಂಬಗಳ ಹಾಗೆ ಎದ್ದಿದ್ದವು. ಆ ವರ್ಷ ಮಳೆ ಕೈಕೊಟ್ಟಿತ್ತು. ಹುಲ್ಲಿಗೆ ನೀರು ಹಾಯಿಸಬಾರದೆಂದು ಟೌನ್‌ಶಿಪ್ಪಿನವರು ಹೇಳಿದ್ದರು, ಬೀದಿಯ ಅಂಗಳಗಳೆಲ್ಲ ಹಳದಿಯಾಗಿದ್ದವು. ರಾಯರು ಒಮ್ಮೆ ಸೊಂಟ ನೆಟ್ಟಗೆ ಮಾಡಿಕೊಂಡು ಆಕಾಶ ನೋಡಿದಾಗ ಲೆನಾ ಹೇಳಿದರು: ಹೋದವರು ಮೋಡವಾಗಿ ಬರುತ್ತಾರೆಂದು ನಮ್ಮಲ್ಲಿ ನಂಬಿಕೆ, ನಾವು ನೆಟ್ಟಗೆ ಬಾಳುತ್ತಿದ್ದೇವೆಯೇ ಎಂದು ನೋಡಲು ಬರುತ್ತಾರೆ. ಭೌತಶಾಸ್ತ್ರದಲ್ಲಿ ಪದವಿ ಪಡೆದ ನಾನು ಒಳಗೊಳಗೇ ನಕ್ಕೆ. ಆ ಪದವಿಯಿಂದ ನನಗೆ ಅದಕ್ಕಿಂತ ಹೆಚ್ಚಿನ ಉಪಯೋಗ ಎಂದೂ ಆಗಿಲ್ಲ.

ಆಗಸ್ಟಿನ ಒಂದು ಬೆಳಗ್ಗೆ ಹೋದಾಗ ಲೆನಾಗೆ ಗಂಟಲು ಕಟ್ಟಿತ್ತು. ಪಿಸುದನಿಯಲ್ಲಿ ರಾಯರಿಗೆ, ಮಕ್ಕಳು ಕಾಯುತ್ತಿವೆ, ಇವತ್ತು ನೀನು ಹಾಡು ಎಂದರು. ರಾಯರು ತಬ್ಬಿಬ್ಬಾದರು. ನಿಮ್ಮ ಹಾಡು ನನಗೆ ಬರುವುದಿಲ್ಲ ಎಂದರು. ನಮ್ಮದಲ್ಲ, ನಿನ್ನ ಮನೆಯಲ್ಲಿ ಯಾರೂ ಹಾಡುತ್ತಿರಲಿಲ್ಲವೇ ಎಂದು ಕೇಳಿದರು ಲೆನಾ. ಹೆಂಡತಿ ಹಾಡುತ್ತಿದ್ದಳು, ಈಗ ಇಲ್ಲ ಎಂದರು ರಾಯರು. ಲೆನಾ ಒಂದು ಹೆಜ್ಜೆ ಸರಿದು ಜಾಗ ಬಿಟ್ಟುಕೊಟ್ಟರು.

ರಾಯರು ಚಪ್ಪಲಿ ಬಿಟ್ಟು ಗಿಡಗಳ ನಡುವೆ ನಿಂತರು. ತುಕ್ಕು ಹಿಡಿದ ಗೇಟು ತೆರೆದಂಥ ದನಿಯಲ್ಲಿ ಶುರು ಮಾಡಿದರು: “ಬಿಸಿಲು ಬಂತು ಬಾಗಿಲಿಗೆ, ನೆರಳು ಬಂತು ಹಿಂದ...”

ನಗು ಕಾಣಬಾರದೆಂದು ನಾನು ತಲೆ ತಗ್ಗಿಸಿದೆ. ತಲೆ ಎತ್ತಿದಾಗ ಪಕ್ಕದ ಮನೆಯ ಸೂರಿನ ಮೇಲೆ ಒಂದೇ ಒಂದು ಬಿಳಿ ಮೋಡ ಕಾಣಿಸಿತು. ಅದರ ನೆರಳು ಹಳದಿ ಹುಲ್ಲು ದಾಟಿ, ಬೇಲಿ ದಾಟಿ, ಅವಸರವಿಲ್ಲದೆ ಬಂತು. ರಾಯರು ಅದೇ ಸಾಲನ್ನು ಮತ್ತೆ ಹಾಡಿದರು. ಮತ್ತೆ ಅದೇ ಸಾಲು. ಮುಂದಿನದು ಮರೆತು, ಬಾಯಿ ಅರ್ಧ ತೆರೆದು ನಿಂತುಬಿಟ್ಟರು. ಅಷ್ಟರಲ್ಲಿ ನೆರಳು ನಮ್ಮ ಮೇಲೆ ಬಂತು.

ಅದರೊಳಗೆ ತಂಪಿತ್ತು. ತಂಪಿನೊಳಗೆ ಹಿಟ್ಟಿನ ವಾಸನೆಯಿತ್ತು. ಎಲೆಗಳು ಒಂದಕ್ಕೊಂದು ತಾಗತೊಡಗಿದವು. ಒದ್ದೆ ಕೈಯಿಂದ ಮೆಲ್ಲಗೆ ತಟ್ಟಿದ ಹಾಗೆ, ಒಂದು ಲಯದಲ್ಲಿ. ಬೀದಿಯ ಸದ್ದು ದೂರ ಹೋಯಿತು. ಎಷ್ಟು ಹೊತ್ತು ಹಾಗಿತ್ತೋ ಹೇಳಲಾರೆ. ಕನಸಿನಲ್ಲಿ ಯಾರಾದರೂ ಗಡಿಯಾರ ನೋಡುತ್ತಾರೆಯೇ? ಹಿರಿಯರು ಹೀಗೆ ಒದ್ದಾಡುವುದನ್ನು ನೋಡಲಾರದೆ ನಾನು ಏನೋ ಹೇಳಲು ಹೊರಟೆ. ಲೆನಾ ನನ್ನ ಮಣಿಕಟ್ಟು ಹಿಡಿದರು.

“ಇರು,” ಎಂದರು. “ಅವಳು ಇನ್ನೂ ಮುಗಿಸಿಲ್ಲ.”

ಮೋಡ ದಾಟಿಹೋಯಿತು. ನಾಲ್ಕು ಹನಿ ಬಿದ್ದವೋ ಇಲ್ಲವೋ, ಮಣ್ಣಿನಲ್ಲಿ ಗುರುತು ನಿಲ್ಲಲಿಲ್ಲ. ರಾಯರು ಅಲ್ಲೇ ನೆಲದ ಮೇಲೆ ಕೂತಿದ್ದರು, ಅತ್ತಿರಲಿಲ್ಲ. ಲೆನಾ ಎಳೆಯ ತೆನೆ ಮುರಿದು ಸಿಪ್ಪೆಸಮೇತ ಕೆಂಡದಲ್ಲಿ ಸುಟ್ಟುಕೊಟ್ಟರು. ಮೂವರೂ ಅಲ್ಲೇ ಕೂತು ತಿಂದೆವು.

ವಾಪಸು ಬರುವಾಗ, ಕಾರಿನ ರೇಡಿಯೋ ಕೆಟ್ಟಿದ್ದರಿಂದ, ಅಭ್ಯಾಸದಂತೆ ನಾನೇ ಗುನುಗಿಕೊಳ್ಳುತ್ತಿದ್ದೆ: “ಅಂಗಳದಾಗ ನಿಂತೀ ಯಾಕ, ಒಳಗ ಬಾ ನನ ತಂಗಿ...”

“ಗಾಡಿ ನಿಲ್ಲಸು,” ಎಂದರು ರಾಯರು.

ರಸ್ತೆಯ ಪಕ್ಕಕ್ಕೆ ನಿಲ್ಲಿಸಿದೆ.

“ಈ ಸಾಲು ನಿನಗ ಹೆಂಗ ಗೊತ್ತು?”

“ನೀವೇ ಹಾಡಿದ್ರಲ್ಲ ರಾಯರೇ, ಈಗ ತಾನೇ, ನೆರಳು ಬಂದಾಗ.”

“ನಾ ಹಾಡಲಿಲ್ಲ, ತಮ್ಮಾ. ನನಗ ಅದು ಮರ್ತಿತ್ತು. ಆಕಿ ಕಟ್ಟಿದ್ದು. ನನ್ನ ಬಿಟ್ರ ಯಾರೂ ಕೇಳಿಲ್ಲ,” ಎಂದರು.

ಮುಂದೆ ಬಹಳ ವರ್ಷ ನಾನು ಇದಕ್ಕೆ ಕಾರಣಗಳನ್ನು ಹುಡುಕಿದೆ. ರಾಯರು ನಿದ್ದೆಯಲ್ಲಿ ಗುನುಗಿದ್ದಿರಬಹುದು, ರೊಟ್ಟಿ ತಟ್ಟುವಾಗ ಅವರಿಗೇ ತಿಳಿಯದೆ ಹಾಡಿರಬಹುದು. ಒಂದೊಂದು ಕಾರಣವೂ ಒಂದೊಂದು ಚಳಿಗಾಲ ಬಾಳಿಕೆ ಬಂತು. ರಾಯರು ಮಾತ್ರ ಯಾವ ಕಾರಣವನ್ನೂ ಕೇಳಲಿಲ್ಲ. ಆಮೇಲೆ ಅವರು ಯಾವ ಸ್ವಾಮಿಗಳ ಬಳಿಗೂ ಹೋಗಲಿಲ್ಲ. ಸಂಜೆ ಅಡಿಗೆಮನೆಯಿಂದ ಆ ತುಕ್ಕು ಗೇಟಿನ ದನಿ ಕೇಳಿಸುತ್ತಿತ್ತು, ಎರಡೂ ಸಾಲು. ಕಂಪ್ಯೂಟರ್ ಕೆಲಸಗಳೆಲ್ಲ ಕುಸಿದ ವರ್ಷ ಅವರ ಕಾಂಟ್ರಾಕ್ಟ್ ಮುಗಿಯಿತು. ಧಾರವಾಡಕ್ಕೆ ಹೊರಟ ದಿನ ಏರ್‌ಪೋರ್ಟಿನಲ್ಲಿ ಅವರು ನನಗಿಂತ ಹಗುರವಾಗಿದ್ದರು.

ಮೊನ್ನೆ ಹೊಗೆ ಕರಗಿದ ಮೇಲೆ ಅವರಿಗೆ ಫೋನ್ ಮಾಡಿದೆ. ಮುಪ್ಪಿನಲ್ಲೂ ಮಾತು ಹಾಗೇ ಇದೆ. ಒಂದು ಸುದ್ದಿ ಹೇಳುವುದಿತ್ತು: ಲೆನಾ ಕೊನೆಗಾಲಕ್ಕೆ ತಮ್ಮ ಹಳ್ಳಿಗೇ ಹಿಂದಿರುಗಿದ್ದರು, ಈ ವಸಂತದಲ್ಲಿ ಅಲ್ಲೇ ತೀರಿಕೊಂಡರೆಂದು ಮೇರಿ ತಿಳಿಸಿದ್ದಳು.

“ಹಂಗಾದ್ರ ಇನ್ನ ಆಕಿನೂ ಬರ್ತಾಳ,” ಎಂದರು ರಾಯರು, ಪೇಟೆಗೆ ಹೋದವರ ಬಗ್ಗೆ ಹೇಳುವಷ್ಟು ಸಹಜವಾಗಿ.

ಆವಿ, ಒತ್ತಡ, ಉಷ್ಣಾಂಶ ಎಲ್ಲ ನನ್ನ ನಾಲಿಗೆಯ ತುದಿಯಲ್ಲೇ ಇದ್ದವು. “ಬರ್ತಾರೆ, ರಾಯರೇ,” ಎಂದೆ.

ಫೋನಿಟ್ಟು ಹೊರಗೆ ಬಂದೆ. ಆಕಾಶದಲ್ಲಿ ಏನೂ ಇರಲಿಲ್ಲ, ಬರೀ ನೀಲಿ. ಕುರ್ಚಿ ಎಳೆದುಕೊಂಡು ಬಿಸಿಲಿನಲ್ಲೇ ಕೂತೆ. ನನ್ನ ಹೆಂಡತಿ ಭಾರತಿ ಬಾಗಿಲಿಗೆ ಬಂದು, ಇಷ್ಟು ಬಿಸಿಲಲ್ಲಿ ಯಾಕೆ ಎಂದು ಕೇಳಿದಳು. ಯಾರೋ ಬರುವುದಿದೆ ಎಂದೆ. ಅವಳು ನನ್ನ ಮುಖ ನೋಡಿದಳು, ಆಕಾಶ ನೋಡಿದಳು. ಒಳಗೆ ಹೋಗಿ ಇನ್ನೊಂದು ಕುರ್ಚಿ ತಂದು ಹಾಕಿಕೊಂಡಳು.